ಸುಮನಕ್ಕನ ಗುಳಿಗೆ

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂದು ಬದುಕಿ ಉಳಿದವರು ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಉಳಿದವಳು ನೀನು, ನಾಲ್ಕು ಧೈರ್ಯದ ಮಾತು ಬರೆ ಎಂದು ಪರಿಚಯದವರು ಒತ್ತಾಯ ಮಾಡಿದರು. ಧೈರ್ಯದ ಮಾತು ನನ್ನಲ್ಲಿ ಹೆಚ್ಚಿಲ್ಲ. ಇರುವುದು ಒಂದು ನಾಚಿಕೆ. ಆಸ್ಪತ್ರೆಯ ಫಾರ್ಮಿನ ಮೂರನೇ ಪುಟದಲ್ಲಿ ನಾನು ಸುಳ್ಳು ಬರೆದೆ. ಆ ಸುಳ್ಳು ಹೊರಬೀಳಬಾರದೆಂದು, ಒಡಹುಟ್ಟಿದ ತಂಗಿಗೆ ಹೇಳಲೇಬೇಕಾದ ಒಂದು ಮಾತನ್ನು ನಾಲ್ಕು ತಿಂಗಳು ಹೇಳದೆ ಉಳಿದೆ. ಹೊಟ್ಟೆಯ ಗಾಯ ಮಾಯಿತು. ಇದು ಮಾತ್ರ ಮಾಯಲಿಲ್ಲ; ಬರೆದಾದರೂ ನೋಡೋಣ ಎಂದು ಕೂತಿದ್ದೇನೆ.

ನನ್ನ ತವರು ಅಂಕೋಲೆಯ ಹತ್ತಿರದ ಅಗಸೂರು. ಅಪ್ಪನಿಗೆ ಗದ್ದೆ, ಶೇಂಗಾ, ಒಂದಷ್ಟು ತರಕಾರಿ. ಕಾರವಾರದಲ್ಲಿ ಸೋದರಮಾವ ಇದ್ದರೆಂದು ನನ್ನನ್ನು ಐದನೇ ತರಗತಿಗೆ ಅಲ್ಲಿಯ ಕಾನ್ವೆಂಟಿಗೆ ಹಾಕಿದರು. ಆರು ವರ್ಷಕ್ಕೆ ಚಿಕ್ಕವಳಾದ ತಂಗಿ ನಾಗವೇಣಿ ಊರ ಶಾಲೆಯಲ್ಲೇ ಕಲಿತಳು, ಊರಲ್ಲೇ ಮದುವೆಯಾದಳು. ಈಗ ವಾರಕ್ಕೆ ಮೂರು ದಿನ ಅಂಕೋಲೆ ಪೇಟೆಯಲ್ಲಿ ತರಕಾರಿ ಹಾಕಿಕೊಂಡು ಕೂರುತ್ತಾಳೆ. ನಾನು ಕಾರವಾರದಲ್ಲೇ ಉಳಿದೆ; ಕೊಂಕಣಿ ಮನೆಮಾತಿನ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರ ಕೈಹಿಡಿದೆ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಅಕ್ಷರ ದುಂಡಗಿದೆ. ಅಷ್ಟೇ ಕಾರಣಕ್ಕೆ ಎರಡೂ ಕಡೆಯ ಹೆಂಗಸರು ನನ್ನ ಮಾತನ್ನು ಡಾಕ್ಟರ ಮಾತಿನ ಹಾಗೆ ನಂಬುತ್ತಿದ್ದರು.

ಕಾಯಿಲೆಯನ್ನು ಮೊದಲು ಕಂಡವಳು ಬಾಗಿಲಿಗೆ ಮೀನು ತರುವ ಹೆಂಗಸು. ಬುಟ್ಟಿ ಇಳಿಸಿ ಬಂಗಡೆ ಎಣಿಸುತ್ತಿದ್ದವಳು ಕತ್ತೆತ್ತಿ ನನ್ನ ಮುಖವನ್ನೇ ನೋಡಿದಳು.

“ಅಮ್ಮಾ, ನಿಮ್ಮ ಕಣ್ಣು ಅರಿಶಿನ ಆದಂಗೆ ಕಾಣ್ತದೆ. ಕನ್ನಡಿ ನೋಡಿಲ್ವಾ ನೀವು?”

ನೋಡಿದ್ದೆ. ಬಚ್ಚಲಿನ ಬಲ್ಬು ಹಳದಿ ಎಂದುಕೊಂಡಿದ್ದೆ. ಅಂಗೈ ಅಂಗಾಲು ಎರಡು ವಾರದಿಂದ ತುರಿಸುತ್ತಿದ್ದವು, ಬಾಚಣಿಗೆಯಿಂದ ಕೆರೆದುಕೊಳ್ಳುತ್ತಿದ್ದೆ. ನೋವು ಮಾತ್ರ ಎಲ್ಲೂ ಇರಲಿಲ್ಲ. ನೋವಿಲ್ಲದ್ದು ದೊಡ್ಡ ಕಾಯಿಲೆ ಹೇಗಾದೀತು? ನಮ್ಮ ಕಡೆ ಕಾಮಾಲೆಗೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಅಂಕೋಲೆಯ ಕಡೆಯ ಹಳ್ಳಿಯೊಂದರಲ್ಲಿ ಬೆಳಿಗ್ಗೆ ಬರಿಹೊಟ್ಟೆಗೆ ಹಾಲಿನಲ್ಲಿ ಸೊಪ್ಪು ಅರೆದುಕೊಡುವ ಅಜ್ಜನೊಬ್ಬ ಇದ್ದ. ಮೂರು ವಾರ ಉಪ್ಪು ಎಣ್ಣೆ ಇಲ್ಲದ ಗಂಜಿ ಕುಡಿದೆ. ಅಜ್ಜ ಪ್ರಾಮಾಣಿಕ. ನಾಲ್ಕನೇ ಸಲ ಹೋದಾಗ ನನ್ನ ಉಗುರು ಒತ್ತಿ ನೋಡಿ, “ಇದು ನನ್ನ ಕೈಯ ಕಾಮಾಲೆ ಅಲ್ಲ ಮಗಾ, ಪೇಟೆಗೆ ಹೋಗಿ ಹೊಟ್ಟೆ ಫೋಟೋ ತೆಗೆಸು” ಎಂದ.

ಕಾರವಾರದಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಮೊದಲು ನನ್ನ ಜೊತೆ ಸೆಕೆಯ ಬಗ್ಗೆ ಮಾತಾಡುತ್ತಿದ್ದರು. ಒಂದು ಜಾಗಕ್ಕೆ ಬಂದಾಗ ಮಾತು ನಿಲ್ಲಿಸಿ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಅವರು ಹೇಳುವ ಮೊದಲೇ ಅಷ್ಟರಿಂದ ನನಗೆ ಗೊತ್ತಾಯಿತು. ಹೊರಗೆ ಬೆಂಚಿನ ಮೇಲೆ ನಮ್ಮವರು ಚೀಟಿಯನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಅದರ ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ಅಂದು ಸಂಜೆ ಒಂದು ಹೊಸ ಫೈಲು ತಂದು ಪಂಚ್ ಮಾಡಿ ದಾರ ಕಟ್ಟಿದರು. ಮೇಲೆ ‘ಸುಮನಾ – ಹೊಟ್ಟೆ’ ಎಂದು ಬರೆದರು. ಇಂದಿಗೂ ಆ ಫೈಲಿನ ಹೆಸರು ಅದೇ. ಕಾಯಿಲೆಯ ಹೆಸರನ್ನು ಅವರು ಕೈಯಾರೆ ಎಲ್ಲಿಯೂ ಬರೆದಿಲ್ಲ.

ರೈಲಿನಲ್ಲಿ ನಾಲ್ಕೈದು ತಾಸು ದಕ್ಷಿಣಕ್ಕೆ ಹೋದರೆ ಒಂದು ದೊಡ್ಡ ಆಸ್ಪತ್ರೆ. ಅಲ್ಲಿಯ ಕಾಯುವ ಕೋಣೆಯಲ್ಲಿ ನಮ್ಮ ಜಿಲ್ಲೆಯವರನ್ನು ಮಾತಿನ ರಾಗದಿಂದಲೇ ಗುರುತು ಹಿಡಿಯಬಹುದು. ಮಲ್ಲಾಪುರದಿಂದ ಬಂದ ಒಬ್ಬ ಹೆಂಗಸು ಎದುರು ಕೂತವರಿಗೆಲ್ಲ ಚಕ್ಕುಲಿ ಹಂಚುತ್ತಿದ್ದಳು. ನನಗೆ ಕೊಡಲು ಬಂದು ನನ್ನ ಕಣ್ಣಿನ ಬಣ್ಣ ಕಂಡು ಡಬ್ಬಿ ಮುಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು ಬಂದು, “ವಾಸನೆ ಆದ್ರೂ ನೋಡಿ” ಎಂದು ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದಳು. ತಿಂಗಳ ನಂತರ ಮೊದಲ ಸಲ ನಕ್ಕದ್ದು ಆಗ. ಆಪರೇಷನ್ನಿನ ಬೆಳಿಗ್ಗೆ ಆಯಾ ಒಬ್ಬಳು ಬಂದು ನನ್ನ ಕೂದಲನ್ನು ಎರಡು ಜಡೆ ಹೆಣೆದಳು. ಒಳಗೆ ಹೋಗುವವರಿಗೆ ಅದು ನಿಯಮವಂತೆ. ಐವತ್ತೆರಡು ವರ್ಷದ ನಾನು ಕಾನ್ವೆಂಟಿನ ಹುಡುಗಿಯ ಹಾಗೆ ಎರಡು ಜಡೆ ಹಾಕಿಕೊಂಡು ಸ್ಟ್ರೆಚರಿನ ಮೇಲೆ ಹೋದೆ. ಆಯಾ ಲಿಫ್ಟಿನವರೆಗೂ ಒಂದು ಜಡೆಯ ತುದಿ ಹಿಡಿದುಕೊಂಡಿದ್ದಳು.

ಗಂಟು ಇನ್ನೂ ಚಿಕ್ಕದಿತ್ತು, ತೆಗೆಯಲು ಬರುವ ಜಾಗದಲ್ಲಿತ್ತು. ಕಾಮಾಲೆ ಬಂದದ್ದೇ ನಿನ್ನ ಪುಣ್ಯ, ಇಲ್ಲದಿದ್ದರೆ ತಿಳಿಯುತ್ತಲೇ ಇರಲಿಲ್ಲ ಎಂದರು ಸರ್ಜನ್. ಆಮೇಲೆ ಆರು ತಿಂಗಳು ಔಷಧಿ ಏರಿಸಿದರು. ಈಗ ಊಟದ ಮೊದಲ ತುತ್ತಿನ ಜೊತೆಗೆ ಒಂದು ಕ್ಯಾಪ್ಸೂಲ್ ನುಂಗಬೇಕು. ಮರೆತರೆ ಉಂಡ ಎಣ್ಣೆ ಹಾಗೇ ನೀರಿನ ಮೇಲೆ ತೇಲುವುದನ್ನು ಪಾಯಖಾನೆಯಲ್ಲಿ ನೋಡಬೇಕು. ಇದನ್ನು ಬರೆಯಲು ಸಂಕೋಚವಿತ್ತು. ಆದರೆ ಮೊದಲ ಸಲ ಕಂಡಾಗ ಕಾಯಿಲೆ ಮರಳಿ ಬಂತೆಂದು ನಾನು ಅತ್ತಿದ್ದೆ. ನೀವು ಅಳಬಾರದೆಂದು ಬರೆದೆ.

ಔಷಧಿ ಮುಗಿಯುತ್ತ ಬಂದಾಗ ಅದೇ ಆಸ್ಪತ್ರೆಯಲ್ಲಿ ವಂಶದ ಕಾಯಿಲೆಗಳನ್ನು ನೋಡುವ ಕೋಣೆಗೆ ಕಳಿಸಿದರು. ಮೇಜಿನ ಹಿಂದೆ ಮಂಗಳೂರು ಕಡೆಯ ಒಬ್ಬ ಹುಡುಗಿ. ಡಾಕ್ಟರಲ್ಲ, ಸಲಹೆ ಕೊಡುವವಳು. ನನ್ನ ಒಂದು ಬದಿಗೆ ನಮ್ಮವರು ಫೈಲು ಹಿಡಿದು ಕೂತಿದ್ದರು. ಇನ್ನೊಂದು ಬದಿಗೆ ಅವರ ಅಕ್ಕ, ನನ್ನ ಅತ್ತಿಗೆ ಶಾಂತಕ್ಕ. ನನ್ನ ಆರೈಕೆಗೆಂದು ತಮ್ಮ ಮನೆ ಬಿಟ್ಟು ಬಂದು ತಿಂಗಳುಗಟ್ಟಲೆ ನಮ್ಮಲ್ಲೇ ಇದ್ದವರು. ಅವರು ಕೆಟ್ಟವರೆಂದು ಯಾರೂ ತಿಳಿಯಬಾರದು. ನಾನು ವಾಂತಿ ಮಾಡಿದ ಬಟ್ಟಲನ್ನು ತೊಳೆದವರು ಅವರೇ.

ಎರಡನೇ ಪುಟದಲ್ಲಿ ಹುಡುಗಿ ನಮ್ಮ ವಂಶದ ಚಿತ್ರ ಬರೆದಳು. ಹೆಂಗಸಿಗೆ ವೃತ್ತ, ಗಂಡಸಿಗೆ ಚೌಕ.

“ಅಮ್ಮ ಎಂತದರಲ್ಲಿ ಹೋದದ್ದು ಆಂಟಿ?”

“ಕಾಮಾಲೆಯಲ್ಲಿ.”

ಅವಳ ಪೆನ್ನು ನಿಂತಿತು. “ಜ್ವರ ಇತ್ತಾ? ಹೊಟ್ಟೆನೋವು?”

“ಇಲ್ಲ.”

“ತುರಿಕೆ?”

ನಮ್ಮ ಅವ್ವಿ ಕೊಟ್ಟಿಗೆಯ ಕಂಬಕ್ಕೆ ಬೆನ್ನು ತಿಕ್ಕಿಕೊಳ್ಳುತ್ತಿದ್ದದ್ದು ನೆನಪಾಯಿತು. ದನದ ಹಾಗೆ ಮಾಡ್ತಿಯಲ್ಲೇ ಎಂದು ನಾನೂ ನಾಗವೇಣಿಯೂ ನಕ್ಕಿದ್ದೆವು. ಹುಡುಗಿ ಅವ್ವಿಯ ವೃತ್ತದೊಳಗೆ ಮೆಲ್ಲಗೆ ಕಪ್ಪು ತುಂಬಿದಳು. ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಕೆಳಗೆ ಎರಡು ವೃತ್ತ: ನನ್ನದು ಕಪ್ಪು, ನಾಗವೇಣಿಯದು ಖಾಲಿ.

ಮೂರನೇ ಪುಟ ಹೆಂಗಸರದು. ಮೈನೆರೆದ ವಯಸ್ಸು, ಹೆರಿಗೆ, ಮಗುವಿಗೆ ಹಾಲುಣಿಸಿದ ತಿಂಗಳು, ಮುಟ್ಟು ನಿಂತ ವಯಸ್ಸು. ಆಮೇಲೆ: ಹಾರ್ಮೋನಿನ ಮಾತ್ರೆ ತೆಗೆದುಕೊಂಡಿದ್ದೀರಾ? ಯಾವುದು? ಎಷ್ಟು ಸಲ? ಯಾರ ಸಲಹೆಯ ಮೇರೆಗೆ?

ನಾನು ‘ಇಲ್ಲ’ ಎಂದು ಬರೆದು ಉಳಿದ ಮೂರು ಖಾಲಿ ಜಾಗಕ್ಕೆ ಸ್ಕೇಲು ಇಟ್ಟಂತೆ ಒಂದು ಗೆರೆ ಎಳೆದೆ.

“ಮುಟ್ಟು ಮುಂದೆ ಹಾಕುವ ಮಾತ್ರೆ ಕೂಡಾ ಇಲ್ವಾ ಆಂಟಿ? ಪೂಜೆ, ಮದುವೆ ಅಂತ ತುಂಬಾ ಜನ ತಗೊಳ್ತಾರೆ. ಅದೂ ಹಾರ್ಮೋನೇ.”

ನಾನು ಬಾಯಿ ತೆರೆಯುವ ಮೊದಲು ಶಾಂತಕ್ಕ ಉತ್ತರ ಕೊಟ್ಟರು. “ನಮ್ಮ ಮನೇಲಿ ಅಂಥದ್ದೆಲ್ಲ ಇಲ್ಲಮ್ಮ. ನಮ್ಮ ಸುಮನಾಗೆ ದೇವರೇ ಕೊಟ್ಟದ್ದು. ಇಪ್ಪತ್ತಾರು ವರ್ಷದಲ್ಲಿ ಮೊದಲನೇದೊಂದು ಬಿಟ್ರೆ ಒಂದು ಚೌತಿಗೂ ಅವಳು ದೂರ ಕೂತಿಲ್ಲ. ನಮ್ಮ ಗಣಪತಿಗೆ ಅವಳ ಕೈ ನೈವೇದ್ಯವೇ ಆಗಬೇಕು.”

ಅವರು ಹೆಮ್ಮೆಯಿಂದ ಹೇಳಿದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಎಂದು ತಿಳಿದಿರಬೇಕು.

ಮದುವೆಯಾದ ಮೊದಲ ಚೌತಿಗೆ ನಾನು ದೂರ ಇದ್ದೆ. ಹಿತ್ತಲ ಜಗಲಿಯಲ್ಲಿ ಚಾಪೆಯ ಮೇಲೆ ಕೂತು ಒಳಗಿನ ಜಾಗಟೆ ಕೇಳಿದೆ. ಊಟದ ಹೊತ್ತಿಗೆ ಶಾಂತಕ್ಕ ಬಾಳೆಯೆಲೆಯನ್ನು ಮಾರು ದೂರದಲ್ಲಿಟ್ಟು, ಮಾತಾಡದೆ ಹಿಂದೆ ಸರಿದು ಹೋದರು. ಬಯ್ದಿದ್ದರೆ ಮರೆಯುತ್ತಿದ್ದೆನೋ ಏನೋ. ಮುಂದಿನ ವರ್ಷ ಕಾನ್ವೆಂಟಿನ ಗೆಳತಿಯೊಬ್ಬಳು ಮಾತ್ರೆಯ ಹೆಸರು ಹೇಳಿದಳು. ಮೆಡಿಕಲ್ ಶಾಪಿನಲ್ಲಿ ಹೆಸರು ಬರೆದ ಚೀಟಿ ಕೊಟ್ಟೆ. ಯಾರೂ ಏನೂ ಕೇಳಲಿಲ್ಲ, ಪೇಪರಿನಲ್ಲಿ ಸುತ್ತಿಕೊಟ್ಟರು. ಆ ಚೌತಿಗೆ ಗಣಪತಿಯ ಮೇಲೆ ಹಣ್ಣು ತರಕಾರಿಯ ಮಾಟೊಳಿ ಕಟ್ಟುವುದರಿಂದ ಹಿಡಿದು ಪಂಚಕಜ್ಜಾಯದವರೆಗೆ ಎಲ್ಲ ನಾನೇ ಮಾಡಿದೆ. ಗೆದ್ದವಳ ಹಾಗೆ ಓಡಾಡಿದೆ.

ಗೆದ್ದವಳು ಸುಮ್ಮನಿರಲಿಲ್ಲ. ನಾಗವೇಣಿಗೆ ಮದುವೆಯಾದಾಗ ಅವಳಿಗೂ ಕೊಡಲು ಶುರುಮಾಡಿದೆ. ಆಮೇಲೆ ಸೋದರಮಾವನ ಸೊಸೆಯರಿಬ್ಬರು ಸೇರಿಕೊಂಡರು. ಅಡುಗೆಮನೆಯ ಕ್ಯಾಲೆಂಡರಿನ ಪ್ರತಿ ಹಾಳೆಯ ಹಿಂದೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚುಕ್ಕೆ ಇಟ್ಟು ಅವರ ದಿನ ಗುರುತು ಮಾಡುತ್ತಿದ್ದೆ. ಚೌತಿ, ನವರಾತ್ರಿ, ಮದುವೆ, ಸತ್ಯನಾರಾಯಣ ಪೂಜೆ ಬಂತೆಂದರೆ ಚುಕ್ಕೆ ನೋಡಿ, ಗುಳಿಗೆಯ ಹಾಳೆಯನ್ನು ಕತ್ತರಿಯಿಂದ ಕತ್ತರಿಸಿ, ಹಳೆಯ ಮದುವೆ ಆಮಂತ್ರಣದ ಲಕೋಟೆಯಲ್ಲಿ ಹಾಕಿ, ಮೇಲೆ ಹೆಸರು ಬರೆದು, ಎಂದಿನಿಂದ ಎಂದಿನವರೆಗೆ, ದಿನಕ್ಕೆ ಎಷ್ಟು ಎಂದು ಬರೆದು ಕಳಿಸುತ್ತಿದ್ದೆ. ಅವರ ನಡುವೆ ಅದಕ್ಕೆ ‘ಸುಮನಕ್ಕನ ಗುಳಿಗೆ’ ಎಂದೇ ಹೆಸರು. ಅದನ್ನು ಕೇಳಿ ನನಗೆ ಖುಷಿಯಾಗುತ್ತಿತ್ತು. ಯಾವ ಡಾಕ್ಟರನ್ನೂ ಒಂದು ಮಾತು ಕೇಳಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ರಕ್ತದ ವರದಿ ಬರುವ ಹೊತ್ತಿಗೆ ಜೂನ್ ಮಳೆ ಹಿಡಿದಿತ್ತು. ಆ ದಿನ ನಮ್ಮವರು ಫೈಲಿಗೆ ಜೆರಾಕ್ಸ್ ಮಾಡಿಸಲು ಹೋಗಿದ್ದರು, ಶಾಂತಕ್ಕ ಬಂದಿರಲಿಲ್ಲ. ಕೋಣೆಯಲ್ಲಿ ಹುಡುಗಿ ಮತ್ತು ನಾನು ಇಬ್ಬರೇ.

“ನಿಮ್ಮದರಲ್ಲಿ ಒಂದು ಬದಲಾವಣೆ ಕಂಡಿದೆ ಆಂಟಿ. ಹೆಂಗಸರ ಹಾರ್ಮೋನಿಗೆ ಸಂಬಂಧಪಟ್ಟ ಜೀನ್‌ನಲ್ಲಿ. ಅದರ ಅರ್ಥ ಏನು ಅಂತ ಇನ್ನೂ ಯಾರಿಗೂ ಸರಿ ಗೊತ್ತಿಲ್ಲ. ಅಂಥ ಬದಲಾವಣೆ ಇದ್ದ ಹೆಂಗಸರಿಗೆ ಈ ಕ್ಯಾನ್ಸರ್ ಬರುವ ಸಂಭವ ಹೆಚ್ಚಾ, ಅಲ್ವಾ ಅಂತ ನೋಡ್ತಾ ಇದ್ದಾರೆ. ಗಟ್ಟಿ ಹೇಳುವ ಹಾಗೆ ಏನೂ ಸಿಕ್ಕಿಲ್ಲ.”

“ಮಾತ್ರೆ ತಿಂದವರಿಗೆ?” ಎಂದೆ.

“ಮಾತ್ರೆಯಿಂದ ಬಂತು ಅಂತ ಹೇಳ್ಲಿಕ್ಕೆ ಆಗುದಿಲ್ಲ. ಬರಲಿಲ್ಲ ಅಂತ ಹೇಳುವಷ್ಟೂ ನಮಗೆ ಗೊತ್ತಿಲ್ಲ. ಅದಕ್ಕೇ ಎಲ್ಲರ ಹತ್ರ ಕೇಳಿ ಬರೆದಿಡುದು. ಹೇಗೂ ನೀವು ತಗೊಂಡಿಲ್ಲ ಅಲ್ವಾ?” ಅವಳು ನನ್ನನ್ನು ನೋಡಿದಳು. ಅದು ಅವಳು ತೆರೆದಿಟ್ಟ ಬಾಗಿಲು ಎಂದು ಈಗ ಅನ್ನಿಸುತ್ತದೆ. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳು ಮುಂದುವರಿದಳು. “ಆ ಬದಲಾವಣೆ ಬಿಡಿ. ಅದಕ್ಕಿಂತ ಮುಖ್ಯ, ನಿಮ್ಮ ಅಮ್ಮನಿಗೂ ಇದೇ ಆಗಿದ್ದ ಹಾಗೆ ಕಾಣ್ತದೆ. ಅಮ್ಮ, ನೀವು, ಇಬ್ಬರಾಯ್ತು. ತಂಗಿಯನ್ನು ಬೇಗ ಕರ್ಕೊಂಡು ಬನ್ನಿ. ಅವರಿಗೆ ಏನೂ ತೊಂದರೆ ಇಲ್ಲದಿದ್ದರೂ ಸ್ಕ್ಯಾನ್ ಆಗ್ಬೇಕು. ಅವರೂ ಇದೇ ಫಾರ್ಮ್ ತುಂಬಿದರೆ ಆಯ್ತು.”

ಇದೇ ಫಾರ್ಮು. ನಾಗವೇಣಿ ಸುಳ್ಳು ಹೇಳುವವಳಲ್ಲ. ಮೂರನೇ ಪುಟಕ್ಕೆ ಬಂದರೆ, “ಹೌದು, ನಮ್ಮಕ್ಕ ಕೊಡ್ತಿದ್ಲು” ಎನ್ನುತ್ತಾಳೆ. ಎರಡು ಫಾರ್ಮುಗಳು ಒಂದೇ ಮೇಜಿನ ಮೇಲೆ ಬರುತ್ತವೆ. ಶಾಂತಕ್ಕನಿಗೆ ತಿಳಿಯುತ್ತದೆ. ಅದಕ್ಕೂ ಹೆಚ್ಚಾಗಿ, ನಾನು ಯಾರಿಗೆ ಏನು ತಿನ್ನಿಸಿದೆ ಎಂಬುದು ನನ್ನ ಮುಂದೆಯೇ ಬಂದು ನಿಲ್ಲುತ್ತದೆ. ಹುಡುಗಿ ತಂಗಿಯ ಹೆಸರಿಗೆ ಕನ್ನಡದಲ್ಲೇ ಒಂದು ಪತ್ರ ಬರೆದು ತಾರೀಖು ಹಾಕಿ ಕೊಟ್ಟಳು. ಮನೆಗೆ ಬಂದು ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.

ಮಳೆ ಎಂದು ಒಂದು ತಿಂಗಳು ಬಿಟ್ಟೆ. ನಾಟಿಯಲ್ಲಿ ಅವಳಿಗೆ ಪುರುಸೊತ್ತಿಲ್ಲ ಎಂದು ಇನ್ನೊಂದು. ಚೌತಿಯ ಮುಂದೆ ಹೆದರಿಸಬಾರದು ಎಂದು ಮತ್ತೊಂದು. ದಿನವೂ ಸಂಜೆ ಅವಳೇ ಫೋನ್ ಮಾಡುತ್ತಿದ್ದಳು. “ಉಂಡ್ಯಾ ಅಕ್ಕ? ಹೊಟ್ಟೆ ಹ್ಯಾಂಗದೆ? ಗುಳಿಗೆ ಮರೀಬೇಡ.” ಗುಳಿಗೆ ಎಂದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ. ಕಾನ್ವೆಂಟಿನಲ್ಲಿ ಶುಕ್ರವಾರ ಕ್ರಿಶ್ಚಿಯನ್ ಹುಡುಗಿಯರು ಸಾಲಾಗಿ ಪಾಪನಿವೇದನೆಗೆ ಹೋಗುತ್ತಿದ್ದರು; ನಾವು ಉಳಿದವರು ನೀತಿಪಾಠದ ಕ್ಲಾಸಿನಲ್ಲಿ ಕೂರುತ್ತಿದ್ದೆವು. ಮರದ ಜಾಲರಿಯ ಮುಂದೆ ಎರಡು ನಿಮಿಷ ಮೊಣಕಾಲೂರಿ ಬಂದ ಆ ಹುಡುಗಿಯರು ಐಸ್ ಕ್ಯಾಂಡಿ ಚೀಪುತ್ತ ಹಗುರವಾಗಿ ಓಡಾಡುತ್ತಿದ್ದರು. ಈ ನಾಲ್ಕು ತಿಂಗಳು ನನಗೆ ಆ ಜಾಲರಿಯದೇ ನೆನಪು.

ಅಕ್ಟೋಬರಿನಲ್ಲಿ ಒಂದು ಸಂಜೆ ಅವಳು ಎಂದಿನ ಹಾಗೆ ಮಾತಾಡಿ, ಕೊನೆಗೆ ಹೇಳಿದಳು: “ಎರಡು ವಾರ ಆಯ್ತು ಅಕ್ಕ, ಬೆನ್ನು ಹಿಡ್ಕಂಡದೆ. ಉಂಡ್ರೆ ಹೊಟ್ಟೆ ಕಲ್ಲಾದಂಗೆ ಆತದೆ. ಗ್ಯಾಸು ಇರ್ಬೇಕು, ಜೀರಿಗೆ ನೀರು ಕುಡೀತೆ.”

ಫೋನ್ ಇಟ್ಟ ಮೇಲೆ ನಾನು ಕ್ಯಾಲೆಂಡರಿನ ಹಿಂದಿನಿಂದ ಆ ಪತ್ರವನ್ನು ತೆಗೆದೆ.

ಮರುದಿನ ಬೆಳಿಗ್ಗೆ ಅವಲಕ್ಕಿ ತಿನ್ನುತ್ತಿದ್ದ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಎದ್ದು ಫೈಲು ತಂದರು, ಮೂರನೇ ಪುಟದ ಜೆರಾಕ್ಸ್ ತೆಗೆದರು, ನನ್ನ ಗೆರೆಯನ್ನು ಕನ್ನಡಕ ಏರಿಸಿ ನೋಡಿದರು.

“ಕ್ಯಾಲೆಂಡರಿನ ಚುಕ್ಕೆ ಅಂದ್ರೆ ಸಿಲಿಂಡರ್ ಬಂದ ದಿನ ಅಂದ್ಕೊಂಡಿದ್ದೆ ನಾನು.”

“ನಾಲ್ಕೈದು ಬಣ್ಣದಲ್ಲಾ?”

“ಅಡುಗೆಮನೆ ವಿಷಯ ಅಂತ ಯಾವತ್ತೂ ಕೇಳಲಿಲ್ಲ.” ಜೆರಾಕ್ಸನ್ನು ಫೈಲಿಗೆ ಮರಳಿ ಸೇರಿಸುತ್ತ, “ಕೇಳಬೇಕಿತ್ತು” ಎಂದರು. ಆಮೇಲೆ ಗುಮಾಸ್ತರ ದನಿಗೆ ಮರಳಿದರು. “ತಿದ್ದಿದ್ರೆ ಆಗೋದಿಲ್ಲ. ಹೊಸ ಫಾರ್ಮೇ ತುಂಬಬೇಕು. ನೀನು ಮೊದಲು ಅಂಕೋಲೆಗೆ ಹೋಗಿ ಬಾ. ನಾನು ಟಿಕೆಟ್ ಮಾಡಿಸ್ತೇನೆ, ಮೂವರಿಗೆ.”

ಅಂಕೋಲೆ ಪೇಟೆಯಲ್ಲಿ ನಾಗವೇಣಿ ಹರಿವೆ ಸೊಪ್ಪು, ಬೆಂಡೆಕಾಯಿ, ಮೊಗೆಕಾಯಿಗಳ ನಡುವೆ ಕೂತಿದ್ದಳು. ಬೆಂಡೆಯ ತುದಿ ಮುರಿದು ನೋಡುತ್ತಿದ್ದ ಗಿರಾಕಿಗೆ, “ಮುರೀರಿ ಭಾವ, ಮುರೀರಿ. ಮುರಿದದ್ದೆಲ್ಲ ನಿಮ್ಮ ಚೀಲಕ್ಕೇ ಹಾಕ್ತೆ” ಎನ್ನುತ್ತಿದ್ದವಳು ನನ್ನನ್ನು ಕಂಡು ಗೋಣಿ ಸರಿಸಿ ಜಾಗ ಮಾಡಿದಳು. ನಾನು ಮೊದಲು ನೋಡಿದ್ದು ಅವಳ ಕಣ್ಣು. ಬೆಳ್ಳಗಿದ್ದವು.

“ಎಂತದೇ, ದೃಷ್ಟಿ ತೆಗೆಯುವವರ ಹಾಗೆ ನೋಡ್ತೆ?”

ಗುಳಿಗೆಯಿಂದ ಶುರುಮಾಡಿದೆ. ಯಾರನ್ನೂ ಕೇಳದೆ ಕೊಟ್ಟದ್ದು, ಅದು ಹಾರ್ಮೋನ್ ಎಂಬುದು, ನನ್ನ ರಕ್ತದಲ್ಲಿ ಕಂಡ ಬದಲಾವಣೆ ಅವಳಲ್ಲೂ ಇರಬಹುದು ಎಂಬುದು, ನಾನು ಫಾರ್ಮಿನಲ್ಲಿ ಬರೆದ ಸುಳ್ಳು. ಬಸ್ಸುಗಳ ಸದ್ದಿಗೆ ಎರಡೆರಡು ಸಲ ಹೇಳಬೇಕಾಯಿತು. ಅವಳು ಸೊಪ್ಪಿಗೆ ನೀರು ಚಿಮುಕಿಸುತ್ತ ಕೇಳಿದಳು. ಮುಗಿದ ಮೇಲೆ ಸೆರಗಿನಿಂದ ಕೈ ಒರೆಸಿಕೊಂಡಳು.

“ನಿನ್ನ ಗುಳಿಗೆ ನಾ ತಿಂದದ್ದು ಎರಡೇ ಚೌತಿಗೆ.”

“ಮತ್ತೆ?”

“ಮತ್ತೆಂತದು. ತಲೆ ತಿರುಗಿ ವಾಂತಿ ಬಂತು. ಆಮೇಲೆ ನೀ ಕೊಟ್ಟದ್ದೆಲ್ಲಾ ಬಾಳೆ ಬುಡಕ್ಕೆ ಹಾಕ್ದೆ. ಬಾಳೆ ಚಲೋ ಬಂತು.”

“ಚೌತಿಗೆ ಏನು ಮಾಡಿದ್ಯೆ ಹಾಗಾದ್ರೆ?”

“ಮಿಂದ್ಕಂಡು ಅಡಗೆ ಮಾಡ್ದೆ. ಗಣಪತಿ ಉಂಡ್ಕಂಡು ಹೋದ.”

“ನೀನು ಹೇಳಿದ ತಾರೀಖಿಗೇ ಅಲ್ವೇ ನಾನು ಚುಕ್ಕೆ ಇಟ್ಟದ್ದು?”

“ಬಾಯಿಗೆ ಬಂದ ತಾರೀಖು ಹೇಳ್ತಿದ್ದೆ. ನೀ ಅಷ್ಟು ಚೆಂದಕ್ಕೆ ಹೆಸರು ಬರ್ದು ಕೊಡೂದು, ನಾ ಬೇಡ ಅನ್ನೂಕೆ ನಾಚ್ಕೆ ಆಯ್ತು.”

ನನಗೆ ನಗು ಬಂತು, ಅವಳಿಗೂ ಬಂತು. ಇನ್ನು ಎಲ್ಲ ಸುಲಭ ಎಂದುಕೊಂಡು ಚೀಲದಿಂದ ಪತ್ರ ತೆಗೆದು ಕೊಟ್ಟೆ. ಅವಳು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಅಮ್ಮ ಎಂದಿದ್ದ ಕಡೆ ಬೆರಳು ನಿಂತಿತು. ಆಮೇಲೆ ಮೇಲಕ್ಕೆ ಹೋಗಿ ತಾರೀಖಿನ ಮೇಲೆ ನಿಂತಿತು.

“ಇದು ಜೂನಿಂದು.”

“ಹೌದು.”

“ದೀಪಾವಳಿ ಬಂತು ಈಗ.”

ಅವಳು ಪತ್ರವನ್ನು ಮಡಚಿ ತಕ್ಕಡಿಯ ಕೆಳಗಿಟ್ಟಳು.

“ಗುಳಿಗೆ ಕೊಟ್ಟದ್ದಕ್ಕೆ ನಂಗೆ ಸಿಟ್ಟಿಲ್ಲ ಅಕ್ಕ. ಅವ್ವಿ ಹೋಗೂವಾಗ ನಮಗೆ ಗೊತ್ತಿರ್ಲಿಲ್ಲ. ಈ ಸಲ ನಿಂಗೆ ಗೊತ್ತಿತ್ತು.”

ಅಷ್ಟೇ ಹೇಳಿದಳು. ದನಿ ಏರಿಸಲಿಲ್ಲ. ಮುಂದಿನ ಗಿರಾಕಿಗೆ ಮೊಗೆಕಾಯಿ ತೂಗಿದಳು. ನಾನು ಒಂದು ತಾಸು ಅವಳ ಪಕ್ಕ ಗೋಣಿಯ ಮೇಲೆ ಕೂತಿದ್ದೆ, ಅವಳು ನನ್ನ ಕಡೆ ತಿರುಗಲಿಲ್ಲ. ನಾನು ಏಳುವಾಗ ಹರಿವೆಯ ಎರಡು ಕಟ್ಟು ನನ್ನ ಚೀಲಕ್ಕೆ ತುರುಕಿ, “ಎಣ್ಣೆ ಕಮ್ಮಿ ಹಾಕು” ಎಂದಳು. “ಟಿಕೆಟ್ ಯಾವತ್ತಿಂದು?” ಎಂದಳು.

ಶಾಂತಕ್ಕನಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರು ಪೂರ್ತಿ ಕೇಳಿ ಫೋನ್ ಇಟ್ಟರು. ವಾರದ ನಂತರ ಅವರೇ ಮಾಡಿದರು. “ಆ ಮೊದಲನೇ ಚೌತಿಗೆ ಎಲೆಯನ್ನು ಸ್ವಲ್ಪ ಹತ್ತಿರ ಇಡಬಹುದಿತ್ತು ನಾನು” ಎಂದರು. ಇಪ್ಪತ್ತಾರು ವರ್ಷ ಅವರೂ ಆ ಎಲೆಯನ್ನು ಮರೆತಿರಲಿಲ್ಲ.

ಸ್ಕ್ಯಾನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಾಯುವುದು ಎಂಥದ್ದೆಂದು ಗೊತ್ತಿರುವ ನಾನು ನಿಮ್ಮನ್ನು ಕಾಯಿಸಬಾರದು. ನಾಗವೇಣಿಯ ಮೇದೋಜೀರಕದಲ್ಲಿ ಈಗ ಏನೂ ಇಲ್ಲ. ಬೆನ್ನು ಹಿಡಿದದ್ದು ಬುಟ್ಟಿ ಹೊತ್ತು. ಹೊಟ್ಟೆಗೆ ಹದಿನೈದು ದಿನದ ಔಷಧಿ ಸಾಕಾಯಿತು. ಆದರೆ ವರ್ಷಕ್ಕೊಮ್ಮೆ ಬಂದು ನೋಡಿಸಬೇಕು. ಆ ನಾಲ್ಕು ತಿಂಗಳಲ್ಲಿ ಏನೂ ಆಗಲಿಲ್ಲ ಎಂಬುದು ನನ್ನ ಒಳ್ಳೆಯತನದಿಂದ ಅಲ್ಲ. ಆಗಿದ್ದರೆ ಈ ಬರಹ ಬರೆಯಲು ನನಗೆ ಕೈ ಬರುತ್ತಿರಲಿಲ್ಲ. ಮಾವನ ಸೊಸೆಯರಿಗೂ ನಾನೇ ಹೋಗಿ ಹೇಳಿ ಬಂದೆ. ಅವರು ಅವ್ವಿಯ ರಕ್ತದವರಲ್ಲ, ಆದರೂ ಯಾರನ್ನೂ ಕೇಳದೆ ಕೊಟ್ಟದ್ದು ಕೊಟ್ಟದ್ದೇ. ನಿಮ್ಮ ಮನೆಯಲ್ಲಿ ನೋವಿಲ್ಲದ ಕಾಮಾಲೆಯಲ್ಲಿ ಹೋದ ಹೆಂಗಸು ಯಾರಾದರೂ ಇದ್ದರೆ, ಅವರು ಹೇಗೆ ಹೋದರೆಂದು ಹಿರಿಯರನ್ನು ಕೇಳಿ ಡಾಕ್ಟರಿಗೆ ಹೇಳಿ. ಇಷ್ಟೇ ನನ್ನ ಧೈರ್ಯದ ಮಾತು.

ಸ್ಕ್ಯಾನಿಗೆ ಮುಂಚೆ ಅದೇ ಕೋಣೆ, ಅದೇ ಹುಡುಗಿ. ನನಗೊಂದು ಹೊಸ ಫಾರ್ಮು ಕೊಟ್ಟಳು, ಏನೂ ಕೇಳಲಿಲ್ಲ. ಮೂರನೇ ಪುಟದಲ್ಲಿ ‘ಹೌದು’ ಎಂದು ಬರೆದೆ. ಎಷ್ಟು ಸಲ ಎಂಬಲ್ಲಿ, ಇಪ್ಪತ್ತು ವರ್ಷಕ್ಕೂ ಹೆಚ್ಚು, ವರ್ಷಕ್ಕೆ ನಾಲ್ಕೈದು ಸಲ ಎಂದು ಬರೆದಾಗ ಅಕ್ಷರ ಜಾಗದಿಂದ ಹೊರಗೆ ಹೋಯಿತು. ಯಾರ ಸಲಹೆ ಎಂಬಲ್ಲಿ ‘ಯಾರದೂ ಇಲ್ಲ’ ಎಂದೆ.

ಪಕ್ಕದಲ್ಲಿ ನಾಗವೇಣಿ ತನ್ನ ಫಾರ್ಮನ್ನು ನನ್ನ ಕಡೆಗೆ ತಳ್ಳಿದಳು. ರೈಲಿನಲ್ಲಿ ಇಡೀ ದಾರಿ ಅವಳು ನಮ್ಮವರ ಜೊತೆ ಮಾತ್ರ ಮಾತಾಡಿದ್ದಳು. “ನೀನೇ ಬರಿ. ಇಂಗ್ಲಿಷಿನಲ್ಲಿ ಅದೆ.”

ನಾನು ಓದಿ ಕೇಳುತ್ತ ಹೋದೆ, ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳುತ್ತ ಹೋದಳು. ಮೂರನೇ ಪುಟ ಬಂತು.

“ಹಾರ್ಮೋನಿನ ಮಾತ್ರೆ?”

“ಹೌದು.”

“ಎಷ್ಟು ಸಲ?”

“ಎರಡು.”

ಯಾರ ಸಲಹೆ ಎಂಬ ಮುಂದಿನ ಪ್ರಶ್ನೆಯನ್ನು ನಾನು ಓದಿ ಹೇಳಲಿಲ್ಲ. ಅವಳು ಕಿಟಕಿಯಿಂದ ತಿರುಗಿ ನನ್ನ ಬೆರಳು ನಿಂತ ಜಾಗವನ್ನು ನೋಡಿದಳು. ಇಂಗ್ಲಿಷ್ ಓದಲು ಬಾರದಿದ್ದರೂ ಅಲ್ಲೇನು ಕೇಳಿದ್ದಾರೆಂದು ಅವಳಿಗೆ ತಿಳಿಯಿತು.

“ಬರಿ” ಎಂದಳು.

ಕಾನ್ವೆಂಟಿನಲ್ಲಿ ಕಲಿಸಿದ ದುಂಡು ಅಕ್ಷರದಲ್ಲಿ, ಕನ್ನಡದಲ್ಲೇ ‘ಅಕ್ಕ’ ಎಂದು ಬರೆದು ಪೆನ್ನು ಎತ್ತಿದೆ. ಅವಳು ಫಾರ್ಮನ್ನು ತನ್ನ ಕಡೆಗೆ ಎಳೆದು, ಬೆರಳಿಟ್ಟು ಅದೊಂದು ಪದವನ್ನು ಓದಿ, ಮತ್ತೆ ನನ್ನ ಮುಂದೆ ಸರಿಸಿದಳು.

“ಅಕ್ಕ ಅಂದ್ರೆ ಅವ್ರಿಗೆ ಹ್ಯಾಂಗೆ ಗೊತ್ತಾಗ್ಬೇಕು? ಹೆಸರು ಬರಿ.”

ಬರೆದೆ. ಇಪ್ಪತ್ತು ವರ್ಷ ಲಕೋಟೆಗಳ ಮೇಲೆ ಬೇರೆಯವರ ಹೆಸರು ಬರೆದಿದ್ದೆ. ಕೊಟ್ಟವಳು ಎಂದು ನನ್ನದನ್ನು ಬರೆದದ್ದು ಅದೇ ಮೊದಲು.